ಮನೆಯ ಪ್ರಾಣಿಗೆ ಆಪರೇಷನ್ ಬೇಕಾದಾಗ: ಗುರುತಿಸುವುದು, ತಯಾರಿ, ಆರೈಕೆ

ಹಸು ಮೇವಿನ ಮುಂದೆ ನಿಂತಿದೆ, ಆದರೆ ಬಾಯಿ ಹಾಕುತ್ತಿಲ್ಲ. ಆಡು ಪದೇ ಪದೇ ಬಾಲ ಎತ್ತಿ ಮುಕ್ಕುತ್ತಿದೆ, ಅಂದರೆ ತಿಣುಕುತ್ತಿದೆ. ನಾಯಿ ಬೆಳಗ್ಗೆಯಿಂದ ಮೂರನೇ ಸಲ ನೀರಿನ ಬಟ್ಟಲು ಖಾಲಿ ಮಾಡಿದೆ. ನೋಡಲು ಸಣ್ಣ ವಿಷಯಗಳು, ಅಲ್ವಾ? ಆದರೆ ಹಸುವಿನ ಹೊಟ್ಟೆಯಲ್ಲಿ ತಂತಿ ಚುಚ್ಚಿರಬಹುದು. ಆಡಿನ ಮೂತ್ರನಾಳದಲ್ಲಿ ಕಲ್ಲು ಸಿಕ್ಕಿರಬಹುದು. ನಾಯಿಯ ಗರ್ಭಕೋಶದಲ್ಲಿ ಕೀವು ತುಂಬಿರಬಹುದು. ಮೂರಕ್ಕೂ ಆಪರೇಷನ್ ಬೇಕಾಗಬಹುದು. ಡಾಕ್ಟರು ಎಷ್ಟೇ ನುರಿತವರಾದರೂ, ನೀವು ಎಷ್ಟು ಬೇಗ ಗಮನಿಸಿದಿರಿ ಅನ್ನುವುದರ ಮೇಲೆಯೇ ಪ್ರಾಣಿಯ ಜೀವ ಜಾಸ್ತಿ ನಿಂತಿರುತ್ತದೆ.

ನಾನು ಬಹಳ ವರ್ಷಗಳಿಂದ ದನ, ಆಡು, ನಾಯಿ, ಬೆಕ್ಕು ಸಾಕುತ್ತಾ ಬಂದವನು. ಡಾಕ್ಟರು ಆಪರೇಷನ್ ಮಾಡುವಾಗ ತಲೆ ಹಿಡಿದು ನಿಂತಿದ್ದೇನೆ. ಕೆಲವು ಪ್ರಾಣಿಗಳನ್ನು ನನ್ನ ತಡದಿಂದಲೇ ಕಳೆದುಕೊಂಡಿದ್ದೇನೆ. ಹಾಗಾಗಿ ಆಪರೇಷನ್ ಹೇಗೆ ಮಾಡುತ್ತಾರೆ ಅನ್ನುವುದಕ್ಕಿಂತ, ಅದಕ್ಕೆ ಮುಂಚೆ ಮತ್ತು ಅದಾದ ಮೇಲೆ ನಮ್ಮ ಕೈಯಲ್ಲಿ ಏನಿದೆ ಅನ್ನುವುದನ್ನೇ ಇಲ್ಲಿ ಹೆಚ್ಚು ಬರೆದಿದ್ದೇನೆ.

ಮೊದಲು ಆರೋಗ್ಯವಾಗಿದ್ದಾಗ ಹೇಗಿರುತ್ತದೆ ಅಂತ ತಿಳಿಯಿರಿ

ಕಾಯಿಲೆ ಬಂದ ದಿನ ಥರ್ಮಾಮೀಟರ್ ಹುಡುಕುತ್ತಾ ಕೂತರೆ ಪ್ರಯೋಜನವಿಲ್ಲ. ಚೆನ್ನಾಗಿರುವ ದಿನವೇ ಒಂದೆರಡು ಸಲ ಅಳತೆ ಮಾಡಿ ಕೈ ಪಳಗಿಸಿಕೊಳ್ಳಿ. ಡಿಜಿಟಲ್ ಥರ್ಮಾಮೀಟರಿನ ತುದಿಗೆ ಸ್ವಲ್ಪ ಎಣ್ಣೆ ಸವರಿ, ಗುದದ್ವಾರದ ಒಳಗೆ ಸ್ವಲ್ಪ ಓರೆಯಾಗಿ, ಒಳಗೋಡೆಗೆ ತಾಗುವಂತೆ ಹಿಡಿಯಿರಿ. ಸಗಣಿಯ ನಡುವೆ ಸಿಕ್ಕಿಸಿದರೆ ಅಳತೆ ತಪ್ಪಾಗುತ್ತದೆ. ಇನ್ನೊಂದು ತುದಿಗೆ ದಾರ ಕಟ್ಟಿ ಬಾಲದ ಕೂದಲಿಗೆ ಕ್ಲಿಪ್ ಹಾಕಿ. ಇಲ್ಲದಿದ್ದರೆ ಒಳಗೆ ಜಾರಿಹೋಗುವುದುಂಟು.

ದೊಡ್ಡ ಹಸುವಿಗೆ 100.5ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಸಹಜ. ಆಡು ಕುರಿಗಳಿಗೆ ಇನ್ನೊಂದು ಡಿಗ್ರಿ ಹೆಚ್ಚು, 102ರಿಂದ 104ರವರೆಗೆ. ನಾಯಿ ಬೆಕ್ಕುಗಳಿಗೆ ಸುಮಾರು 101ರಿಂದ 102.5. ಮನುಷ್ಯರ ಲೆಕ್ಕದಲ್ಲಿ ನೋಡಿ "ಜ್ವರ ಬಂದಿದೆ" ಅಂತ ಗಾಬರಿಯಾಗುವವರನ್ನು ಎಷ್ಟೋ ಸಲ ನೋಡಿದ್ದೇನೆ. ಹಾಗೇ, ಹಸುವಿಗೆ 99ಕ್ಕೆ ಇಳಿದಿದ್ದರೂ "ಜ್ವರ ಇಲ್ಲವಲ್ಲ" ಅಂತ ಸುಮ್ನೆ ಇರುವವರೂ ಇದ್ದಾರೆ. ಶಾಖ ಇಳಿಯುವುದು ಎಷ್ಟೋ ಸಲ ಜ್ವರಕ್ಕಿಂತ ಕೆಟ್ಟ ಸೂಚನೆ.

ಮೆಲುಕು ಹಾಕುವ ಪ್ರಾಣಿಗಳಿಗೆ ಇನ್ನೊಂದು ಪರೀಕ್ಷೆ ಇದೆ. ಎಡಗಡೆ, ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಒಂದು ಗುಳಿ ಇರುತ್ತದೆ. ಅದರ ಅಡಿಯಲ್ಲೇ ದೊಡ್ಡ ಹೊಟ್ಟೆ, ಅಂದರೆ ಇವುಗಳ ನಾಲ್ಕು ಹೊಟ್ಟೆಗಳಲ್ಲಿ ಮೊದಲನೆಯದು. ಅಲ್ಲಿ ಮುಷ್ಟಿ ಒತ್ತಿ ಎರಡು ನಿಮಿಷ ನಿಲ್ಲಿ. ಅಲೆಯೊಂದು ಬಂದು ಮುಷ್ಟಿಯನ್ನು ಮೆಲ್ಲಗೆ ಹೊರಗೆ ತಳ್ಳಿ ಹೋಗುವುದು ಗೊತ್ತಾಗುತ್ತದೆ. ಎರಡು ನಿಮಿಷಕ್ಕೆ ಎರಡು ಮೂರು ಅಲೆ ಬರಬೇಕು. ಒಂದೂ ಬರದಿದ್ದರೆ ಹೊಟ್ಟೆ ನಿಂತಿದೆ ಅಂತಲೇ ಅರ್ಥ. ಸಂಜೆ ಹಾಲು ಕರೆಯುವ ಮುಂಚೆ ಈ ಒಂದು ಕೆಲಸ ಮಾಡುವ ಅಭ್ಯಾಸವಿದ್ದರೆ ಅರ್ಧ ಕಾಯಿಲೆಗಳು ಒಂದು ದಿನ ಮೊದಲೇ ಸಿಕ್ಕಿಬೀಳುತ್ತವೆ.

ಹೊಟ್ಟೆ ಉಬ್ಬರ: ಇಲ್ಲಿ ನಿಮಿಷಗಳ ಲೆಕ್ಕ

ದೊಡ್ಡ ಹಸುವಿನ ಹೊಟ್ಟೆ ನೂರು ಲೀಟರಿಗೂ ಮೀರಿ ಹಿಡಿಯುತ್ತದೆ. ಅಲ್ಲಿ ಹುಟ್ಟುವ ಗ್ಯಾಸ್ ತೇಗಿನಲ್ಲಿ ಹೊರಹೋಗುತ್ತಿರಬೇಕು. ತೇಗು ನಿಂತರೆ ಎಡಗಡೆಯ ಗುಳಿ ಮೊದಲು ತುಂಬುತ್ತದೆ, ಆಮೇಲೆ ಉಬ್ಬುತ್ತದೆ, ಕೊನೆಗೆ ಬೆನ್ನಿನ ಮಟ್ಟಕ್ಕೂ ಮೇಲೆ ಏಳುತ್ತದೆ. ಬೆರಳಿನಿಂದ ತಟ್ಟಿದರೆ ತಮಟೆಯ ಸದ್ದು ಬರುತ್ತದೆ. ಶ್ವಾಸಕೋಶಕ್ಕೆ ಜಾಗ ಸಾಲದೆ ಬಾಯಿ ತೆರೆದು ನಾಲಗೆ ಚಾಚುತ್ತದೆ. ಆ ಹಂತದಲ್ಲಿ ಉಳಿದಿರುವುದು ಕೆಲವೇ ನಿಮಿಷ.

ಹೀಗೆ ಮಾಡಿ:

1. ಮೊದಲು ಡಾಕ್ಟರಿಗೆ ಫೋನ್ ಮಾಡಿ. ಮಿಕ್ಕಿದ್ದೆಲ್ಲ ಅವರು ದಾರಿಯಲ್ಲಿರುವಾಗ.

2. ಮೇವು ತೆಗೆದುಬಿಡಿ. ಮಲಗಿದ್ದರೆ ಎಬ್ಬಿಸಿ, ಮುಂಗಾಲು ಎತ್ತರದಲ್ಲಿ ಇರುವಂತೆ ನಿಲ್ಲಿಸಿ.

3. ಬಾಯಿಗೆ ಅಡ್ಡಲಾಗಿ ಹೆಬ್ಬೆರಳು ಗಾತ್ರದ ನುಣುಪಾದ ಕಡ್ಡಿ ಇಟ್ಟು, ಎರಡೂ ತುದಿಗೆ ಹಗ್ಗ ಕಟ್ಟಿ ಕೊಂಬಿನ ಹಿಂದೆ ಬಿಗಿಯಿರಿ. ಕಡ್ಡಿ ಜಗಿಯುತ್ತಾ ಜೊಲ್ಲು ಸುರಿಯುತ್ತದೆ, ತೇಗು ಬರಲು ದಾರಿಯಾಗುತ್ತದೆ.

4. ಎಳೆ ಹಸಿಮೇವು ಜಾಸ್ತಿ ತಿಂದು ಉಬ್ಬಿದ್ದರೆ ಒಳಗಿರುವುದು ಬರಿ ಗ್ಯಾಸ್ ಅಲ್ಲ, ನೊರೆ. ಇದಕ್ಕೆ ಅಡುಗೆ ಎಣ್ಣೆ ಒಳ್ಳೆಯ ಮದ್ದು. ದೊಡ್ಡ ಹಸುವಿಗೆ 250ರಿಂದ 300 ಮಿಲಿಲೀಟರ್, ಆಡು ಕುರಿಗೆ 50ರಿಂದ 100. ಗೊಟ್ಟದಲ್ಲೋ ಬಾಟಲಿಯಲ್ಲೋ ಕುಡಿಸುವಾಗ ತಲೆಯನ್ನು ತೀರಾ ಮೇಲೆತ್ತಬೇಡಿ, ನಾಲಗೆ ಎಳೆದು ಹಿಡಿಯಬೇಡಿ. ಬಾಯಿಯ ಪಕ್ಕದಿಂದ ಸ್ವಲ್ಪ ಸ್ವಲ್ಪ ಹಾಕಿ, ನುಂಗಿದ ಮೇಲೆ ಮತ್ತೆ ಹಾಕಿ. ಕೆಮ್ಮಿದರೆ ತಕ್ಷಣ ತಲೆ ಬಿಡಿ. ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಉಬ್ಬರದಿಂದ ಉಳಿದ ಹಸು ನ್ಯುಮೋನಿಯಾದಿಂದ ಸಾಯುತ್ತದೆ. ಉಸಿರಿಗೇ ಒದ್ದಾಡುತ್ತಿರುವ ಪ್ರಾಣಿಗೆ ಏನನ್ನೂ ಕುಡಿಸಬೇಡಿ.

5. ಡಾಕ್ಟರು ಬಂದು ಬಾಯಿಯಿಂದ ನಳಿಕೆ ಇಳಿಸುತ್ತಾರೆ. ಅದು ಆಗದಿದ್ದರೆ ಎಡ ಗುಳಿಯಲ್ಲಿ ಟ್ರೋಕಾರ್ ಅನ್ನುವ, ಕೊಳವೆ ತೊಡಿಸಿದ ಚೂಪಾದ ಸಲಾಕೆ ಚುಚ್ಚಿ, ಆ ಕೊಳವೆಯನ್ನು ಒಳಗೇ ಬಿಟ್ಟು ಗ್ಯಾಸ್ ತೆಗೆಯುತ್ತಾರೆ. ಚಾಕು ತಗೊಂಡು ನೀವೇ ಚುಚ್ಚಲು ಹೋಗಬೇಡಿ. ನೊರೆ ಉಬ್ಬರವಾದರೆ ಆ ತೂತಿನಿಂದ ಏನೂ ಬರುವುದಿಲ್ಲ. ಒಳಗಿನ ರಸ ಮಾತ್ರ ಹೊಟ್ಟೆಯ ಪೊರೆಯೊಳಗೆ ಸೋರಿ ನಂಜಾಗುತ್ತದೆ.

ಒಂದು ಎಚ್ಚರಿಕೆ. ಜೊಲ್ಲು ಸುರಿಸುತ್ತಾ ನುಂಗಲಾರದೆ ನಿಂತ ಹಸುವಿನ ಗಂಟಲಲ್ಲಿ ಏನೋ ಸಿಕ್ಕಿದೆ ಅಂತ ಬರಿಗೈ ಹಾಕಬೇಡಿ. ರೇಬಿಸ್ ಬಂದ ದನವೂ ಶುರುವಿನಲ್ಲಿ ಹೀಗೇ ಕಾಣುತ್ತದೆ.

ಧಾನ್ಯದ ಚೀಲ ಬಿಚ್ಚಿಕೊಂಡು ಹೊಟ್ಟೆ ಬಿರಿಯುವಷ್ಟು ತಿಂದಿದ್ದರೆ ಅದು ಬೇರೆ ಕಾಯಿಲೆ. ಒಳಗೆ ಹುಳಿ ಏರುತ್ತದೆ, ಹೊಟ್ಟೆ ಅಲ್ಲಾಡಿಸಿದರೆ ಕೊಡದಲ್ಲಿ ನೀರು ಕುಲುಕಿದ ಸದ್ದು ಬರುತ್ತದೆ, ಹುಳಿ ವಾಸನೆಯ ಭೇದಿ ಶುರುವಾಗುತ್ತದೆ. ತಿಂದದ್ದು ಗೊತ್ತಾದ ಕೂಡಲೇ ಹೇಳಿ, ಲಕ್ಷಣ ಕಾಣಲಿ ಅಂತ ಕಾಯಬೇಡಿ. ಜಾಸ್ತಿ ತಿಂದಿದ್ದರೆ ಹೊಟ್ಟೆ ತೆರೆದು ಧಾನ್ಯವನ್ನೆಲ್ಲ ಹೊರಗೆ ತೆಗೆಯಬೇಕಾಗುತ್ತದೆ. ಮೊದಲ ಕೆಲವು ಗಂಟೆಗಳಲ್ಲಿ ಮಾಡಿದರೆ ಮಾತ್ರ ಅದರಿಂದ ಪ್ರಯೋಜನ.

ತಂತಿ, ಮೊಳೆ, ಪ್ಲಾಸ್ಟಿಕ್

ಹಸು ಆಡಿನಂತೆ ಆರಿಸಿ ತಿನ್ನುವುದಿಲ್ಲ. ನಾಲಗೆ ಸುತ್ತಿ, ಎಳೆದು, ಅಗಿಯದೆ ನುಂಗುತ್ತದೆ. ಮೇವಿನಲ್ಲಿದ್ದ ಮೊಳೆಯೂ ಒಳಗೆ ಹೋಗುತ್ತದೆ. ಭಾರದ ವಸ್ತು ಜೇನುಗೂಡಿನಂಥ ಎರಡನೇ ಹೊಟ್ಟೆಯಲ್ಲಿ ಕೂರುತ್ತದೆ. ಅದರ ಮುಂದೆ ತೆಳ್ಳಗಿನ ವಪೆ, ಅಂದರೆ ಹೊಟ್ಟೆಗೂ ಎದೆಗೂ ನಡುವಿನ ಪರದೆ. ವಪೆಯ ಆಚೆಗೇ ಹೃದಯ. ಹೊಟ್ಟೆ ಪ್ರತಿ ಸಲ ಹಿಂಡಿದಾಗಲೂ ತಂತಿ ಒಂದಿಷ್ಟು ಮುಂದಕ್ಕೆ ಸರಿಯುತ್ತದೆ.

ನಮ್ಮ ಹಸುವಿಗೆ ಹೀಗಾಗಿತ್ತು. ಬೇಲಿ ರಿಪೇರಿ ಮಾಡಿದ ದಿನ ಕತ್ತರಿಸಿದ ತಂತಿಯ ತುಂಡುಗಳನ್ನು ಪೂರ್ತಿ ಹೆಕ್ಕಿರಲಿಲ್ಲ. ಅದು ನನ್ನ ತಪ್ಪು. ಎರಡು ವಾರದ ಮೇಲೆ ಹಾಲು ಒಂದೇ ದಿನಕ್ಕೆ ಅರ್ಧಕ್ಕಿಂತ ಕಡಿಮೆಯಾಯಿತು. ಹಸು ಬೆನ್ನು ಬಾಗಿಸಿ, ಮೊಣಕೈಗಳನ್ನು ಮೈಯಿಂದ ದೂರ ಮಾಡಿ ನಿಲ್ಲುತ್ತಿತ್ತು. ಇಳಿಜಾರಿನಲ್ಲಿ ಇಳಿಯಲು ಒಪ್ಪುತ್ತಿರಲಿಲ್ಲ, ಹತ್ತುವಾಗ ತೊಂದರೆ ಇರಲಿಲ್ಲ. ಡಾಕ್ಟರು ಹೆಗಲಿನ ಹತ್ತಿರ ಬೆನ್ನನ್ನು ಗಟ್ಟಿಯಾಗಿ ಹಿಚುಕಿದರು. ಆರೋಗ್ಯವಾಗಿರುವ ಹಸು ಹಾಗೆ ಮಾಡಿದಾಗ ಬೆನ್ನು ಕೆಳಗೆ ತಗ್ಗಿಸುತ್ತದೆ. ನಮ್ಮದು ತಗ್ಗಿಸಲಿಲ್ಲ, ನರಳಿತು. ಮಾರನೇ ದಿನವೇ ಆಪರೇಷನ್ ಅಂತ ಗೊತ್ತಾಯಿತು.

ಈ ಆಪರೇಷನ್ ಹಸು ನಿಂತಿರುವಾಗಲೇ ನಡೆಯುತ್ತದೆ ಅಂದರೆ ಎಷ್ಟೋ ಜನ ನಂಬುವುದಿಲ್ಲ. ಮೆಲುಕು ಹಾಕುವ ಪ್ರಾಣಿಗೆ ಪೂರ್ತಿ ಎಚ್ಚರ ತಪ್ಪಿಸಿ ಮಲಗಿಸಿದರೆ ಹೊಟ್ಟೆ ಉಬ್ಬುತ್ತದೆ, ಒಳಗಿನದು ಗಂಟಲಿಗೆ ಬಂದು ಶ್ವಾಸಕ್ಕೆ ಇಳಿಯುತ್ತದೆ. ಅದಕ್ಕೇ ಬೆನ್ನೆಲುಬಿನ ಪಕ್ಕದ ನರಗಳಿಗೆ ಲಿಗ್ನೋಕೇನ್ ಕೊಟ್ಟು ಎಡ ಪಕ್ಕೆಯನ್ನಷ್ಟೇ ಮರಗಟ್ಟಿಸುತ್ತಾರೆ. ಕೂದಲು ಬೋಳಿಸಿ, ತೊಳೆದು, ಚರ್ಮ ಮತ್ತು ಅದರಡಿಯ ಮಾಂಸದ ಪದರಗಳನ್ನು ಒಂದೊಂದಾಗಿ ಬಿಡಿಸುತ್ತಾರೆ. ದೊಡ್ಡ ಹೊಟ್ಟೆಯ ಅಂಚನ್ನು ಗಾಯದ ಅಂಚಿಗೆ ಭದ್ರ ಮಾಡಿದ ಮೇಲಷ್ಟೇ ಅದನ್ನು ಕೊಯ್ಯುತ್ತಾರೆ. ಒಳಗಿನ ಹನಿಯೂ ಪಕ್ಕಕ್ಕೆ ಸೋರಬಾರದು ಅನ್ನುವುದಕ್ಕೆ ಇಷ್ಟು ಜಾಗ್ರತೆ.

ನಾನು ಮೂಗುದಾರ ಹಿಡಿದು ನಿಂತಿದ್ದೆ. ಡಾಕ್ಟರ ಕೈ ಭುಜದವರೆಗೆ ಒಳಗೆ ಹೋಗಿತ್ತು. ಅವರು ಕಣ್ಣು ಮುಚ್ಚಿಕೊಂಡು ಬೆರಳಲ್ಲೇ ಹುಡುಕುತ್ತಿದ್ದರು. ಸ್ವಲ್ಪ ಹೊತ್ತಿಗೆ ಕೈ ನಿಂತಿತು. ಮೆಲ್ಲಗೆ ಹೊರಬಂದಾಗ ಬೆರಳುಗಳ ನಡುವೆ ನನ್ನ ಕಿರುಬೆರಳಿನಷ್ಟು ಉದ್ದದ ತಂತಿ. ಒಂದು ತುದಿ ಕಪ್ಪಾಗಿತ್ತು, ಇನ್ನೊಂದು ತುದಿ ಹೊಳೆಯುತ್ತಿತ್ತು. ಅಷ್ಟೂ ಹೊತ್ತು ಹಸು ನಿಂತೇ ಇತ್ತು. ಮಾರನೇ ದಿನ ಸಂಜೆ ಅದು ಮೆಲುಕು ಹಾಕುವ ಸದ್ದು ಕೇಳಿದಾಗ ಆದ ಸಮಾಧಾನ ಇವತ್ತಿಗೂ ನೆನಪಿದೆ.

ತಡವಾದರೆ ತಂತಿ ಹೃದಯದ ಚೀಲಕ್ಕೆ ಮುಟ್ಟುತ್ತದೆ. ಆಗ ಕುತ್ತಿಗೆಯ ನರ ಹಗ್ಗದಂತೆ ಎದ್ದು ಕಾಣುತ್ತದೆ, ಗಂಗೆದೊಗಲಿನಲ್ಲಿ ನೀರು ತುಂಬಿ ಊದಿಕೊಳ್ಳುತ್ತದೆ. ಆ ಹಂತಕ್ಕೆ ಬಂದ ಹಸುಗಳಲ್ಲಿ ಉಳಿಯುವುದು ಬಹಳ ಕಡಿಮೆ. ತಡೆಯುವುದು ಮಾತ್ರ ಸುಲಭ. ಮೇವು ಕತ್ತರಿಸುವ ಜಾಗದಲ್ಲಿ ಆಗಾಗ ಅಯಸ್ಕಾಂತ ಆಡಿಸಿ. ಹಸುವಿಗೇ ನುಂಗಿಸುವ ನಯವಾದ ಅಯಸ್ಕಾಂತವೂ ಇದೆ. ಒಮ್ಮೆ ಕೊಟ್ಟರೆ ಅದು ಎರಡನೇ ಹೊಟ್ಟೆಯಲ್ಲೇ ಉಳಿದು ಕಬ್ಬಿಣದ ಚೂರುಗಳನ್ನು ಹಿಡಿದಿಡುತ್ತದೆ. ಪ್ಲಾಸ್ಟಿಕ್ಕಿಗೆ ಅಂಥ ಉಪಾಯವಿಲ್ಲ. ಅದು ಕರಗುವುದಿಲ್ಲ, ಗಂಟುಗಂಟಾಗಿ ಹೆಣೆದುಕೊಂಡು ಹೊಟ್ಟೆಯಲ್ಲಿ ಕೂರುತ್ತದೆ. ಹೊಟ್ಟೆ ತೆರೆದೇ ತೆಗೆಯಬೇಕು.

ಕರು ಹಾಕುವ ಹೊತ್ತು

ಸಹಜ ಹೆರಿಗೆಯಲ್ಲಿ ಎರಡು ಮುಂಗಾಲು, ಅವುಗಳ ಮೇಲೆ ಒರಗಿದ ಮೂತಿ ಮೊದಲು ಬರುತ್ತವೆ. ಗೊರಸಿನ ಅಂಗಾಲು ನೆಲದ ಕಡೆ ಇರುತ್ತದೆ. ಅಂಗಾಲು ಮೇಲೆ ನೋಡುತ್ತಿದ್ದರೆ ಹಿಂಗಾಲಾಗಿರಬಹುದು. ಖಚಿತ ಮಾಡಿಕೊಳ್ಳಲು ಕೈ ತೊಳೆದು, ಕಾಲಿನ ಎರಡು ಕೀಲು ಮುಟ್ಟಿ ಮಡಚಿ ನೋಡಿ. ಎರಡೂ ಒಂದೇ ಕಡೆಗೆ ಮಡಚಿದರೆ ಮುಂಗಾಲು. ಒಂದು ಹಿಂದಕ್ಕೆ, ಒಂದು ಮುಂದಕ್ಕೆ ಮಡಚಿದರೆ ಹಿಂಗಾಲು. ಫೋನಿನಲ್ಲಿ ಇದನ್ನು ಹೇಳಿದರೆ ಡಾಕ್ಟರಿಗೆ ತಯಾರಾಗಿ ಬರಲು ಅನುಕೂಲ.

ನೀರಿನ ಚೀಲ ಒಡೆದು ಒಂದು ಗಂಟೆಯಾದರೂ ಕಾಲು ಕಾಣದಿದ್ದರೆ ಕರೆಯಿರಿ. ಕಾಲು ಕಂಡು ಅರ್ಧ ಗಂಟೆ ಮುಕ್ಕಿದರೂ ಮುಂದೆ ಬರದಿದ್ದರೂ ಕರೆಯಿರಿ. ಎಳೆಯುವುದಾದರೆ ಇಬ್ಬರ ಬಲ ಸಾಕು, ಅದೂ ಹಸು ಮುಕ್ಕಿದಾಗ ಮಾತ್ರ. ನಾಲ್ಕೈದು ಜನ ಸೇರಿ ಎಳೆದರೆ ಕರುವಿನ ಕಾಲು ಮುರಿಯುತ್ತದೆ, ಹಸುವಿನ ದಾರಿ ಹರಿಯುತ್ತದೆ. ಆಮೇಲೆ ಸಿಸೇರಿಯನ್ ಮಾಡಿದರೂ ಏನು ಉಳಿಯುತ್ತದೆ? ಹಸು ಚಡಪಡಿಸುತ್ತಿದೆ, ನೋವಿದೆ, ಆದರೆ ಏನೂ ಹೊರಬರುತ್ತಿಲ್ಲ ಅಂದರೆ ಗರ್ಭಕೋಶ ತಿರುಚಿಕೊಂಡಿರಬಹುದು. ಅದನ್ನು ಒಳಗೆ ಕೈ ಹಾಕಿಯೋ, ಹಸುವನ್ನು ಕ್ರಮವಾಗಿ ಉರುಳಿಸಿಯೋ ಬಿಡಿಸುತ್ತಾರೆ. ಬಿಡದಿದ್ದರೆ ಸಿಸೇರಿಯನ್. ಅದನ್ನೂ ಸಾಮಾನ್ಯವಾಗಿ ಎಡ ಪಕ್ಕೆಯಿಂದಲೇ ಮಾಡುತ್ತಾರೆ. ದೊಡ್ಡ ಹೊಟ್ಟೆ ಗೋಡೆಯಂತೆ ಅಡ್ಡ ನಿಂತು ಕರುಳು ಹೊರಬರದಂತೆ ತಡೆಯುತ್ತದೆ.

ಕರು ಹಾಕಿದ ಮೇಲೆ ಗರ್ಭಕೋಶವೇ ಹೊರಗೆ ಬಿದ್ದರೆ ನೋಡಿದವರ ಕೈಕಾಲು ಆಡುವುದಿಲ್ಲ. ಕೆಂಪಗೆ, ಮೇಲೆಲ್ಲ ಉಬ್ಬು ಉಬ್ಬಾಗಿ ಮಂಡಿಯವರೆಗೆ ಜೋತಾಡುತ್ತಿರುತ್ತದೆ. ಹಸುವನ್ನು ನಡೆಸಬೇಡಿ, ಒಳಗಿನ ದೊಡ್ಡ ರಕ್ತನಾಳ ಹರಿದರೆ ಅಲ್ಲೇ ಸಾಯುತ್ತದೆ. ಉಗುರುಬೆಚ್ಚಗಿನ ಉಪ್ಪುನೀರಿನಿಂದ ಮಣ್ಣು, ಸಗಣಿ ತೊಳೆಯಿರಿ. ಒದ್ದೆ ಮಾಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಇಬ್ಬರು ಅದನ್ನು ಯೋನಿಯ ಮಟ್ಟಕ್ಕೆ ಎತ್ತಿ ಹಿಡಿಯಿರಿ. ಜೋತುಬಿಟ್ಟಷ್ಟೂ ಊದುತ್ತದೆ. ಡಾಕ್ಟರು ಬರುವುದು ತಡವಾದರೆ ಮೇಲೆ ಸಕ್ಕರೆ ಉದುರಿಸಿ, ಊತದ ನೀರನ್ನು ಅದು ಎಳೆದು ಗಾತ್ರ ಇಳಿಸುತ್ತದೆ. ನಾಯಿ, ಕಾಗೆ ಹತ್ತಿರ ಬರದಂತೆ ನೋಡಿಕೊಳ್ಳಿ. ನೀವೇ ಒಳಗೆ ತಳ್ಳಬೇಡಿ. ಬಾಲದ ಬುಡದಲ್ಲಿ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಹಸು ಮುಕ್ಕುವುದು ನಿಂತ ಮೇಲೆ ಡಾಕ್ಟರು ಅಂಗೈಯಿಂದ ಒಳಗೆ ಸೇರಿಸುತ್ತಾರೆ.

ಕಸ, ಅಂದರೆ ಕರುವಿನ ಹಿಂದೆ ಬೀಳುವ ಮಾಸು, ಸಾಮಾನ್ಯವಾಗಿ 12 ಗಂಟೆಯೊಳಗೆ ಬೀಳುತ್ತದೆ. ಬೀಳಲಿಲ್ಲ ಅಂತ ಎಳೆಯಬೇಡಿ, ಅದಕ್ಕೆ ಕಲ್ಲು ಕಟ್ಟಿ ಭಾರ ಬಿಡಬೇಡಿ. ಹರಿದು ಒಳಗೆ ಉಳಿದ ತುಂಡು ಕೊಳೆತು ಜ್ವರ ಬರುತ್ತದೆ, ಮುಂದಿನ ಗಬ್ಬಕ್ಕೂ ತೊಂದರೆ. 24 ಗಂಟೆ ದಾಟಿದರೆ, ಅಥವಾ ಅದಕ್ಕೆ ಮೊದಲೇ ವಾಸನೆ, ಜ್ವರ ಬಂದರೆ ಡಾಕ್ಟರಿಗೆ ತೋರಿಸಿ.

ಹಾಲು ಜ್ವರ ಆಪರೇಷನ್ನಿನ ಕಾಯಿಲೆ ಅಲ್ಲ, ಆದರೆ ಹೇಳದೆ ಬಿಡಲಾರೆ. ಕರು ಹಾಕಿದ ಮೂರು ದಿನದೊಳಗೆ ಹಸು ಮಲಗಿ ಏಳುವುದಿಲ್ಲ, ಕುತ್ತಿಗೆ ಪಕ್ಕೆಗೆ ತಿರುಗಿಸಿರುತ್ತದೆ, ಕಿವಿ ತಣ್ಣಗಿರುತ್ತದೆ. ಹೆಸರಿನಲ್ಲಿ ಜ್ವರವಿದ್ದರೂ ಮೈ ಶಾಖ ಇಳಿದಿರುತ್ತದೆ. ರಕ್ತದಲ್ಲಿ ಕ್ಯಾಲ್ಸಿಯಂ ಕಡಿಮೆಯಾಗಿ ಮಾಂಸಖಂಡಗಳು ಸೋತಿರುತ್ತವೆ. ನುಂಗುವ ಶಕ್ತಿಯೂ ಇರುವುದಿಲ್ಲ, ಆದ್ದರಿಂದ ಬಾಯಿಗೆ ಏನೂ ಹಾಕಬೇಡಿ. ಎದೆಯ ಮೇಲೆ ನೇರ ಕೂರಿಸಿ, ಎರಡೂ ಕಡೆ ಹುಲ್ಲಿನ ಮೂಟೆ ಒತ್ತು ಕೊಡಿ. ನರಕ್ಕೆ ಕ್ಯಾಲ್ಸಿಯಂ ನಿಧಾನವಾಗಿ ಇಳಿಸಿದರೆ ಎಷ್ಟೋ ಹಸುಗಳು ಸ್ವಲ್ಪ ಹೊತ್ತಿನಲ್ಲೇ ಎದ್ದು ನಿಲ್ಲುತ್ತವೆ. ಬೇಗ ಇಳಿಸಿದರೆ ಹೃದಯ ನಿಲ್ಲುತ್ತದೆ. ಈ ಇಂಜೆಕ್ಷನ್ ಡಾಕ್ಟರೇ ಕೊಡಬೇಕು.

ಮೂತ್ರ ಕಟ್ಟಿದ ಹೋತ, ಗಂಡು ಬೆಕ್ಕು

ಇದನ್ನು ಮಲಬದ್ಧತೆ ಅಂದುಕೊಂಡು ಎರಡು ದಿನ ಎಣ್ಣೆ ಕುಡಿಸುತ್ತಾ ಕೂರುವವರೇ ಹೆಚ್ಚು. ಹೋತ ಕಾಲು ಅಗಲಿಸಿ ನಿಂತು ಮುಕ್ಕುತ್ತದೆ, ಬಾಲ ಕುಣಿಯುತ್ತದೆ, ಹಲ್ಲು ಕಡಿಯುತ್ತದೆ. ಹೊಟ್ಟೆಯ ಕೆಳಗೆ ಬಗ್ಗಿ ನೋಡಿ. ಮೂತ್ರ ತೊಟ್ಟು ತೊಟ್ಟಾಗಿ ಬೀಳುತ್ತಿದೆಯಾ, ಅಥವಾ ಏನೂ ಇಲ್ಲವಾ? ಅಲ್ಲಿನ ಕೂದಲಿನ ತುದಿಯಲ್ಲಿ ಮರಳಿನಂಥ ಹರಳು ಅಂಟಿದೆಯಾ? ಇದ್ದರೆ ಕಲ್ಲು. ಎಳೆಯದರಲ್ಲೇ ಬೀಜ ಒಡೆದ, ಧಾನ್ಯ ಜಾಸ್ತಿ ತಿನ್ನುವ ಗಂಡುಗಳಲ್ಲಿ ಇದು ಸಾಮಾನ್ಯ. ಬೇಗ ಬೀಜ ಒಡೆದರೆ ಮೂತ್ರನಾಳ ಪೂರ್ತಿ ಬೆಳೆಯದೆ ಸಣ್ಣದಾಗಿ ಉಳಿಯುತ್ತದೆ.

ಹೋತ, ಟಗರುಗಳ ಶಿಶ್ನದ ತುದಿಯಲ್ಲಿ ಹುಳದಂಥ ಒಂದು ಸಣ್ಣ ಬಾಲ ಇರುತ್ತದೆ. ಕಲ್ಲು ಎಷ್ಟೋ ಸಲ ಅಲ್ಲೇ ಸಿಕ್ಕಿರುತ್ತದೆ. ಡಾಕ್ಟರು ಅಷ್ಟನ್ನೇ ಕತ್ತರಿಸಿದರೆ ಮೂತ್ರ ಬಿಡುತ್ತದೆ. ಇನ್ನೂ ಮೇಲೆ ಸಿಕ್ಕಿದ್ದರೆ ಮೂತ್ರಚೀಲಕ್ಕೆ ನಳಿಕೆ ಹಾಕಿ ಹೊಟ್ಟೆಯ ಮೂಲಕ ಹೊರಬಿಡುತ್ತಾರೆ. ಕಲ್ಲು ಕರಗುವವರೆಗೆ ಆ ನಳಿಕೆ ಇರುತ್ತದೆ.

ಒಂದು ವಿಷಯ ಚೆನ್ನಾಗಿ ನೆನಪಿಡಿ. ಎರಡು ದಿನ ಒದ್ದಾಡಿದ ಹೋತ ಇದ್ದಕ್ಕಿದ್ದಂತೆ ಶಾಂತವಾದರೆ ಗುಣವಾಯಿತು ಅಂದುಕೊಳ್ಳಬೇಡಿ. ಮೂತ್ರ ಹುಯ್ದದ್ದನ್ನು ಕಣ್ಣಾರೆ ನೋಡದಿದ್ದರೆ, ಮೂತ್ರಚೀಲ ಒಡೆದಿರುವ ಸಂಭವವೇ ಹೆಚ್ಚು. ಚೀಲದ ಬಿಗಿ ಹೋದದ್ದರಿಂದ ನೋವು ಇಳಿದಿರುತ್ತದೆ. ಮುಂದಿನ ಒಂದೆರಡು ದಿನದಲ್ಲಿ ಹೊಟ್ಟೆಯ ಕೆಳಭಾಗ ಎರಡೂ ಕಡೆ ಜೋಲುತ್ತದೆ. ನಾನೊಂದು ಹೋತವನ್ನು ಹೀಗೇ ಕಳೆದುಕೊಂಡೆ. ಅವತ್ತು ರಾತ್ರಿ ಅದು ಆರಾಮವಾಗಿ ಮಲಗಿದ್ದು ನೋಡಿ ನಾನೂ ನೆಮ್ಮದಿಯಾಗಿ ಮಲಗಿದ್ದೆ.

ಗಂಡು ಬೆಕ್ಕು ಮರಳಿನ ತಟ್ಟೆಗೆ ಪದೇ ಪದೇ ಹೋಗಿ, ಕೂತು, ಏನೂ ಮಾಡದೆ ಬರುತ್ತಿದ್ದರೂ ಇದೇ ಕತೆ. ಒಂದೆರಡು ದಿನದಲ್ಲಿ ಪ್ರಾಣ ಹೋಗುತ್ತದೆ. ಬೆಳಗಾಗಲಿ ಅಂತ ಕಾಯಬೇಡಿ.

ಸಣ್ಣ ಆಪರೇಷನ್‌ಗಳು, ಸರಿಯಾದ ಸಮಯ

ಕರುವಿನ ಕೊಂಬಿನ ಮೊಗ್ಗು ಮೊದಲ ಎರಡು ತಿಂಗಳು ಚರ್ಮದಲ್ಲಿ ಮಾತ್ರ ಇರುತ್ತದೆ. ಆಮೇಲೆ ತಲೆಬುರುಡೆಗೆ ಅಂಟುತ್ತದೆ. ಕೊಂಬು ಬೇಡವೆಂದಾದರೆ ಮೊದಲ ಕೆಲವು ವಾರಗಳಲ್ಲೇ, ಮರಗಟ್ಟಿಸಿ ಸುಡಿಸಿ. ದೊಡ್ಡದಾದ ಮೇಲೆ ಕತ್ತರಿಸಿದರೆ ತಲೆಯ ಪೊಳ್ಳಿನೊಳಗೇ ತೂತು ತೆರೆದುಕೊಳ್ಳುತ್ತದೆ. ದೊಡ್ಡ ಕೊಂಬಿನ ಎತ್ತು ತಲೆ ಒಂದು ಕಡೆ ವಾಲಿಸಿ, ಕೊಡವುತ್ತಾ, ಆ ಕಡೆಯ ಮೂಗಿನಿಂದ ರಕ್ತ ಸುರಿಸುತ್ತಿದ್ದರೆ ಕೊಂಬಿನ ಕ್ಯಾನ್ಸರ್ ಇರಬಹುದು. ಬೇಗ ಕಂಡರೆ ಕೊಂಬು ತೆಗೆದು ಉಳಿಸಬಹುದು.

ಹೊಕ್ಕುಳಲ್ಲಿ ಮೆತ್ತಗಿನ ಗಂಟು, ಒತ್ತಿದರೆ ಒಳಗೆ ಹೋಗುತ್ತದೆ ಅಂದರೆ ಅದು ಹರ್ನಿಯಾ, ತುರ್ತಿಲ್ಲ. ಅದೇ ಗಂಟು ಬಿಸಿಯಾಗಿ, ಗಟ್ಟಿಯಾಗಿ, ಒಳಗೆ ಹೋಗದಿದ್ದರೆ ಬಾವು ಇರಬಹುದು ಅಥವಾ ಕರುಳು ಸಿಕ್ಕಿರಬಹುದು. ಅವತ್ತೇ ತೋರಿಸಿ. ಬ್ಲೇಡು ಹಾಕಿ ಕೀವು ತೆಗೆಯಲು ಹೋಗಿ ಕರುಳನ್ನೇ ಕೊಯ್ದ ಪ್ರಸಂಗಗಳಿವೆ.

ಮೊಲೆತೊಟ್ಟು ಹರಿದರೆ ಕೆಲವೇ ಗಂಟೆಗಳಲ್ಲಿ ಹೊಲಿಗೆ ಹಾಕಿಸಿ. ಮಾರನೇ ದಿನ ಅಂಚು ಒಣಗಿ ಊದಿರುತ್ತದೆ, ಹೊಲಿಗೆ ನಿಲ್ಲುವುದಿಲ್ಲ.

ಹಿಂಗಾಲು ಇದ್ದಕ್ಕಿದ್ದಂತೆ ಹಿಂದಕ್ಕೆ ನೆಟ್ಟಗೆ ನಿಂತು, ಗೊರಸು ನೆಲಕ್ಕೆ ಎಳೆದುಕೊಂಡು, ಆಮೇಲೆ ಜರ್ಕ್ ಹೊಡೆದು ಬಿಡುವ ದನಗಳನ್ನು ನೋಡಿರಬಹುದು. ಮಂಡಿಚಿಪ್ಪು ಮೇಲೆ ಸಿಕ್ಕಿಕೊಳ್ಳುವುದರಿಂದ ಹಾಗಾಗುತ್ತದೆ. ಮಂಡಿಯ ಒಳಮಗ್ಗುಲಿನ ಒಂದು ಪಟ್ಟಿಯನ್ನು ಸಣ್ಣ ತೂತಿನಿಂದ ಕತ್ತರಿಸುತ್ತಾರೆ. ಕೆಲವೇ ನಿಮಿಷದ ಕೆಲಸ. ಎದ್ದ ಕೂಡಲೇ ಹಸು ಸರಿಯಾಗಿ ನಡೆಯುವುದನ್ನು ನೋಡುವುದೇ ಒಂದು ಖುಷಿ.

ನಾಯಿ, ಬೆಕ್ಕು

ಹೆಣ್ಣು ನಾಯಿ ಬೆದೆಗೆ ಬಂದು ಒಂದೆರಡು ತಿಂಗಳಲ್ಲಿ ಜಾಸ್ತಿ ನೀರು ಕುಡಿಯುತ್ತಾ, ಊಟ ಬಿಟ್ಟು, ವಾಂತಿ ಮಾಡುತ್ತಿದ್ದರೆ ಗರ್ಭಕೋಶದ ಕೀವನ್ನು ಮೊದಲು ಅನುಮಾನಿಸಿ. ಹಿಂದಿನಿಂದ ಕೀವು ಸುರಿಯುತ್ತಿದ್ದರೆ ಗೊತ್ತಾಗುತ್ತದೆ. ಸುರಿಯದೆ ಒಳಗೇ ತುಂಬುವುದು ಇನ್ನೂ ಅಪಾಯ. ಗರ್ಭಕೋಶ ತೆಗೆಯುವುದೇ ಭದ್ರವಾದ ಚಿಕಿತ್ಸೆ. ಮರಿ ಬೇಡವೆಂದಾದರೆ ಮೊದಲೇ ಸಂತಾನಹರಣ ಮಾಡಿಸಿದರೆ ಈ ಕಾಯಿಲೆಯೇ ಬರುವುದಿಲ್ಲ. ಮೊದಲ ಬೆದೆಗೆ ಮುಂಚೆ ಮಾಡಿಸಿದರೆ ಸ್ತನದ ಗೆಡ್ಡೆಯ ಅಪಾಯವೂ ಬಹಳ ಇಳಿಯುತ್ತದೆ. ತೀರಾ ದೊಡ್ಡ ಜಾತಿಯ ನಾಯಿಗಳಲ್ಲಿ ಮೂಳೆ ಬೆಳವಣಿಗೆ ನೋಡಿಕೊಂಡು ವಯಸ್ಸು ನಿರ್ಧರಿಸುತ್ತಾರೆ, ಡಾಕ್ಟರನ್ನು ಕೇಳಿ.

ಎದೆ ಆಳವಾಗಿರುವ ದೊಡ್ಡ ನಾಯಿ ವಾಂತಿಗೆ ಪ್ರಯತ್ನಿಸುತ್ತಿದೆ, ಏನೂ ಬರುತ್ತಿಲ್ಲ, ಹೊಟ್ಟೆ ಬಿಗಿಯಾಗಿ ಉಬ್ಬಿದೆ ಅಂದರೆ ಜಠರ ತಿರುಚಿದೆ. ತಕ್ಷಣ ಗಾಡಿ ಹತ್ತಿಸಿ.

ಬೆಕ್ಕಿನ ಬಾಯಿಂದಲೋ ಹಿಂದಿನಿಂದಲೋ ದಾರ ನೇತಾಡುತ್ತಿದ್ದರೆ ಎಳೆಯಬೇಡಿ. ಇನ್ನೊಂದು ತುದಿ ನಾಲಗೆಯ ಬುಡದಲ್ಲೋ ಕರುಳಲ್ಲೋ ಸಿಕ್ಕಿರುತ್ತದೆ. ಎಳೆದರೆ ಕರುಳನ್ನು ಗರಗಸದಂತೆ ಕೊಯ್ಯುತ್ತದೆ. ಇನ್ನೊಂದು ಮಾತು: ನಿಮ್ಮ ಔಷಧಿ ಡಬ್ಬದ ನೋವಿನ ಮಾತ್ರೆ ಕೊಡಬೇಡಿ. ಒಂದೇ ಪ್ಯಾರಸಿಟಮಾಲ್ ಮಾತ್ರೆ ಬೆಕ್ಕನ್ನು ಕೊಲ್ಲಬಹುದು. ಐಬುಪ್ರೊಫೆನ್ ನಾಯಿಯ ಹೊಟ್ಟೆ, ಮೂತ್ರಪಿಂಡ ಹಾಳು ಮಾಡುತ್ತದೆ.

ಆಪರೇಷನ್‌ಗೆ ಮುಂಚೆ

ಡಾಕ್ಟರು ದಿನ ಹೇಳಿದ ಮೇಲೆ ಉಪವಾಸದ ಲೆಕ್ಕ ಕೇಳಿಕೊಳ್ಳಿ. ದೊಡ್ಡ ದನಗಳಿಗೆ ಸಾಮಾನ್ಯವಾಗಿ 24 ಗಂಟೆ ಮೇವಿಲ್ಲ, 12 ಗಂಟೆ ನೀರಿಲ್ಲ. ಆಡು ಕುರಿಗಳಿಗೆ 12ರಿಂದ 24 ಗಂಟೆ ಮೇವಿಲ್ಲ. ದೊಡ್ಡ ನಾಯಿ ಬೆಕ್ಕುಗಳಿಗೆ ಹಿಂದಿನ ರಾತ್ರಿಯ ಊಟವೇ ಕೊನೆ. ಎಳೆಯ ಮರಿ, ಕರುಗಳಿಗೆ ಇಷ್ಟು ಹೊತ್ತು ಹಸಿವು ಕೂಡದು, ರಕ್ತದ ಸಕ್ಕರೆ ಇಳಿಯುತ್ತದೆ. ಮೊಲಕ್ಕಂತೂ ಉಪವಾಸ ಮಾಡಿಸಲೇಬಾರದು. ಅದಕ್ಕೆ ವಾಂತಿ ಬರುವುದಿಲ್ಲ, ಹಸಿದರೆ ಕರುಳು ನಿಂತುಬಿಡುತ್ತದೆ. ಪ್ರಾಣಿ "ಪಾಪ" ಅನ್ನಿಸಿ ಕದ್ದು ಒಂದು ಹಿಡಿ ಹಾಕಿದ್ದರೆ ನಾಚಿಕೆ ಬಿಟ್ಟು ಡಾಕ್ಟರಿಗೆ ಹೇಳಿ. ತುರ್ತು ಆಪರೇಷನ್ ಆದರೆ ಉಪವಾಸಕ್ಕೆ ಕಾಯುವುದಿಲ್ಲ.

ಗಬ್ಬ ಎಷ್ಟು ತಿಂಗಳು, ಹಿಂದೆ ಯಾವ ಔಷಧಿಗೆ ತೊಂದರೆಯಾಗಿತ್ತು, ಕೊನೆಯ ಸಲ ಏನು ಇಂಜೆಕ್ಷನ್ ಕೊಟ್ಟರು, ಇವನ್ನು ಬರೆದಿಟ್ಟುಕೊಳ್ಳಿ. ಅರಿವಳಿಕೆ ಮದ್ದನ್ನು ಅಳತೆ ತಿಳಿಯದೆ, ಯಾರದ್ದೋ ಮಾತು ಕೇಳಿ ಹಾಕಿಸಬೇಡಿ. ಕ್ಸೈಲಜೀನ್ ಅನ್ನುವ ಮಂಪರಿನ ಮದ್ದು ದನಕ್ಕೆ ಕುದುರೆಯ ಹತ್ತನೇ ಒಂದು ಪಾಲು ಸಾಕು. ಕುದುರೆಯ ಲೆಕ್ಕದಲ್ಲಿ ಕೊಟ್ಟರೆ ಏಳುವುದೇ ಕಷ್ಟ.

ಧೂಳಿಲ್ಲದ, ನೆರಳಿರುವ, ಜಾರದ ನೆಲ ಸಿದ್ಧ ಮಾಡಿ. ಎರಡು ಬಕೆಟ್ ಕಾಯಿಸಿ ಆರಿಸಿದ ನೀರು, ಸೋಪು, ಶುಭ್ರ ಬಟ್ಟೆ, ಗಟ್ಟಿ ಹಗ್ಗ, ರಾತ್ರಿಯಾದರೆ ಒಳ್ಳೆಯ ಬೆಳಕು. ಪ್ರಾಣಿಗೆ ಪರಿಚಯವಿರುವ ಒಬ್ಬರು ತಲೆಯ ಹತ್ತಿರ ನಿಲ್ಲಲಿ. ನೋಡಲು ಬಂದವರನ್ನು ದೂರ ಕಳಿಸಿ.

ಆಪರೇಷನ್ ಆದ ಮೇಲೆ

ಮಲಗಿಸಿ ಮಾಡಿದ್ದರೆ ದನವನ್ನು ಎದೆಯ ಮೇಲೆ ಕೂರಿಸಿ, ತಲೆ ಎತ್ತರದಲ್ಲಿ, ಮೂತಿ ಕೆಳಗೆ ಇರಲಿ. ಪೂರ್ತಿ ಎಚ್ಚರವಾಗಿ ತಾನೇ ನಿಲ್ಲುವವರೆಗೆ ನೀರು, ಮೇವು ಬೇಡ. ಬೆಕ್ಕು, ಸಣ್ಣ ನಾಯಿಗಳ ಮೈ ಬೇಗ ತಣ್ಣಗಾಗುತ್ತದೆ, ಹೊದಿಸಿ.

ಆಮೇಲೆ ದಿನಕ್ಕೆ ಎರಡು ಸಲ ಈ ನಾಲ್ಕನ್ನು ಬರೆದಿಡಿ: ಮೈ ಶಾಖ, ತಿಂದದ್ದು, ಮೆಲುಕು, ಸಗಣಿ ಮೂತ್ರ. ಮೊದಲೆರಡು ದಿನ ಗಾಯದ ಸುತ್ತ ಸ್ವಲ್ಪ ಊತ ಸಹಜ. ಮೂರನೇ ದಿನದ ಮೇಲೆ ಊತ ಹೆಚ್ಚುತ್ತಿದ್ದರೆ, ಮುಟ್ಟಿದರೆ ಬಿಸಿ ಇದ್ದರೆ, ವಾಸನೆಯ ನೀರು ಬಂದರೆ, ಹೊಲಿಗೆಯ ಒಂದು ಗಂಟು ಬಿಚ್ಚಿದ್ದರೂ ಫೋನ್ ಮಾಡಿ. ದಿನಾ ಒಂದೇ ಜಾಗದಿಂದ ಗಾಯದ ಫೋಟೋ ತೆಗೆದಿಟ್ಟರೆ ಹೋಲಿಸಿ ನೋಡಲು ಸುಲಭ.

ಗಾಯಕ್ಕೆ ಸಗಣಿ, ಬೂದಿ, ಅರಿಶಿನದ ಹಿಟ್ಟು ಮೆತ್ತಬೇಡಿ. ಡಾಕ್ಟರು ಕೊಟ್ಟ ಮುಲಾಮು, ನೊಣ ಬಾರದ ಸ್ಪ್ರೇ, ಇಷ್ಟೇ ಸಾಕು. ನೊಣ ಕೂತರೆ ಒಂದೇ ದಿನದಲ್ಲಿ ಹುಳ ಬೀಳುತ್ತದೆ. ಒರೆಸಬೇಕಾದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ 9 ಗ್ರಾಂ ಉಪ್ಪು ಹಾಕಿದ ನೀರು ಬಳಸಿ. ನಾಯಿ ಬೆಕ್ಕುಗಳ ಕುತ್ತಿಗೆಗೆ ಕಾಲರ್ ಬುಟ್ಟಿ ಹಾಕಿ, ಎಷ್ಟೇ ಗೋಳಾಡಿದರೂ ಹೊಲಿಗೆ ಬಿಚ್ಚುವವರೆಗೆ ತೆಗೆಯಬೇಡಿ. ಒಂದು ರಾತ್ರಿಯ ನೆಕ್ಕಾಟ ಸಾಕು, ಹೊಲಿಗೆಯೆಲ್ಲ ಹೋಗುತ್ತದೆ.

ಹೊಟ್ಟೆ ತೆರೆದ ದನಕ್ಕೆ ಮೊದಲು ನೀರು, ಆಮೇಲೆ ಸ್ವಲ್ಪ ಸ್ವಲ್ಪ ಮೆತ್ತಗಿನ ಹುಲ್ಲು ಕೊಡಿ. ಹಿಂಡಿ, ಧಾನ್ಯ ಕೆಲವು ದಿನ ಬಿಟ್ಟು, ಕ್ರಮೇಣ ಶುರು ಮಾಡಿ. ಮೆಲುಕು ಶುರುವಾಗದಿದ್ದರೆ ಆರೋಗ್ಯವಾಗಿರುವ ಇನ್ನೊಂದು ಹಸುವಿನ ಹೊಟ್ಟೆಯ ರಸವನ್ನು ನಳಿಕೆಯಲ್ಲಿ ಹಾಕುವುದೂ ಉಂಟು. ಅದರಲ್ಲಿರುವ ಜೀವಾಣುಗಳು ಹೊಟ್ಟೆಯನ್ನು ಮತ್ತೆ ಎಬ್ಬಿಸುತ್ತವೆ.

ಆಂಟಿಬಯಾಟಿಕ್ ಎಷ್ಟು ದಿನ ಅಂದಿದ್ದಾರೋ ಅಷ್ಟೂ ದಿನ ಪೂರ್ತಿ ಹಾಕಿಸಿ, ಹಸು ಚೆನ್ನಾಗಿ ಕಂಡರೂ ನಡುವೆ ನಿಲ್ಲಿಸಬೇಡಿ. ಆ ದಿನಗಳ ಹಾಲನ್ನೂ, ಔಷಧಿ ಬಾಟಲಿಯ ಮೇಲೆ ಬರೆದಿರುವಷ್ಟು ದಿನ ಆಮೇಲಿನ ಹಾಲನ್ನೂ ಮನೆಗೆ ಬಳಸಬೇಡಿ, ಮಾರಬೇಡಿ, ಬೇರೆ ಹಾಲಿಗೆ ಬೆರೆಸಬೇಡಿ. ಚರ್ಮದ ಹೊಲಿಗೆ 10ರಿಂದ 14ನೇ ದಿನ ಬಿಚ್ಚುತ್ತಾರೆ. ಆ ತಾರೀಕನ್ನು ಆಪರೇಷನ್ ದಿನವೇ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿಡಿ.